ತೊಡೆಯಿಂದ ಹೋದ ಛತ್ರಿ

"ತೋರ್ಸೇ ಮತ್ತೆ! ಎಲ್ಲೈತೆ ಆಪರೇಷನ್ ಹೊಲಿಗೆ?"

ಊಟದ ಬೆಲ್ಲಾಗಿತ್ತು. ಐದನೇ ಕ್ಲಾಸಿನ ಮಕ್ಕಳೆಲ್ಲ ಕವನಾಳನ್ನು ಮುತ್ತಿಕೊಂಡಿದ್ದರು. ಹುಟ್ಟಿನಿಂದಲೇ ಅವಳ ಹೃದಯದಲ್ಲಿ ಒಂದು ತೂತಿತ್ತು. ಅದನ್ನು ಮುಚ್ಚಿಸಿಕೊಂಡು ಅವಳು ಅವತ್ತೇ ಅರಕಲಗೂಡಿನ ಶಾಲೆಗೆ ವಾಪಸು ಬಂದಿದ್ದಳು.

"ಎದೇಲಿ ಹೊಲಿಗೆ ಇಲ್ಲ. ತೊಡೆ ನರದೊಳಗೆ ಸಣ್ಣ ಪೈಪ್ ತೂರಿಸಿ, ಹಾರ್ಟ್‌ಗಂಟ ಕಳಿಸಿ, ಅಲ್ಲಿ ಪುಟ್ಟ ಛತ್ರಿ ಬಿಚ್ಚಿ ತೂತು ಮುಚ್ಚವ್ರೆ," ಎಂದಳು ಕವನಾ.

ಭೀಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಎದೆಗೋಗಕ್ಕೆ ತೊಡೇಲಿ ಹತ್ತಿದ್ರಾ? ಹಾಸನಕ್ಕೋಗಕ್ಕೆ ಚನ್ನರಾಯಪಟ್ಟಣದ ಬಸ್ ಹತ್ತಿದಂಗಾಯ್ತು ಕಣ್ರಲಾ!"

"ಒಳಗೆ ಮಳೆ ಬತ್ತದಾ, ಛತ್ರಿ ಬಿಚ್ಚಕ್ಕೆ?" ಎಂದಳು ಇನ್ನೊಬ್ಬಳು.

ಕವನಾಳ ಮೂಗು ಕೆಂಪಾಯಿತು. ಇದ್ದದ್ದು ಗಾಯದ ಒಂದು ಚುಕ್ಕೆ. ಅದೂ ತೊಡೆಯ ಮೇಲೆ. ಅದನ್ನು ತೋರಿಸುವುದಾದರೂ ಹೇಗೆ?

ಅವಳು ತಟ್ಟೆ ಎತ್ತಿಕೊಂಡು ಜಗಲಿಗೆ ಹೋದಳು. ಅಲ್ಲಿ ಆರನೇ ಕ್ಲಾಸಿನ ಸೌಜನ್ಯ ಊಟ ಮಾಡುತ್ತಿದ್ದಳು. ಅವಳಿಗೂ ಹೃದಯದಲ್ಲಿ ತೂತಿತ್ತು. ಹೋದ ವರ್ಷ ಎದೆ ತೆರೆದು ಆಪರೇಷನ್ ಮಾಡಿದ್ದರು.

"ನಿಂದೇ ಲಕ್ಕು ಬಿಡಕ್ಕ. ಕುತ್ಗೆ ಕೆಳಗೇ ಗೆರೆ ಕಾಣ್ತದೆ. ಎಲ್ರೂ ನಂಬ್ತಾರೆ," ಎಂದಳು ಕವನಾ.

"ಲಕ್ಕಾ? ನನ್ ತೂತಿಗೆ ಅಂಚೇ ಸರಿಯಾಗಿರ್ಲಿಲ್ವಂತೆ. ಛತ್ರಿ ಕೂರಕ್ಕೆ ಜಾಗ ಇಲ್ಲ ಅಂದ್ರು ಡಾಕ್ಟ್ರು. ಅದ್ಕೇ ಎದೆ ಕುಯ್ದು ಹೊಲಿದ್ರು. ಆಮೇಲೆ ಬ್ಯಾಗ್ ಎತ್ತಂಗಿಲ್ಲ, ಓಡಂಗಿಲ್ಲ. ನಕ್ಕರೂ ನೋವು ಕಣೇ! ಮಾವ ಬಂದು ತಮಾಷೆ ಮಾಡಿದ್ರೆ ದಿಂಬು ತಬ್ಕೊಂಡು ನಗ್ತಿದ್ದೆ, ಅಳ್ತಿದ್ದೆ, ಎರಡೂ ಒಟ್ಟಿಗೆ. ಕೊನೆಗೆ ಅಮ್ಮ ಮಾವನ್ನೇ ಆಚೆ ಕಳಿಸ್ಬುಟ್ರು!"

ಕವನಾಳಿಗೆ ನಗು ತಡೆಯಲಾಗಲಿಲ್ಲ.

"ನೀನು ಯಾವಾಗ ನಕ್ಕೆ?" ಎಂದಳು ಸೌಜನ್ಯ.

"ಮಾರನೇ ದಿನಾನೇ. ನಮ್ಮಜ್ಜಿ ನರ್ಸಮ್ಮನ್ನ, 'ಆ ಛತ್ರೀನ ಯಾವಾಗ ವಾಪಸ್ ಕೊಡ್ಬೇಕವ್ವಾ?' ಅಂತ ಕೇಳ್ತು!"

ಸೌಜನ್ಯ ಬಿದ್ದು ಬಿದ್ದು ನಕ್ಕಳು. ಆಮೇಲೆ, "ಮಾರನೇ ದಿನಾನೇ ನಕ್ಯಾ!" ಎಂದು ಮೆಲ್ಲಗೆ ಅಂದಳು.

ಅಷ್ಟರಲ್ಲಿ ಭೀಮನ ಪಟಾಲಂ ಓಡಿ ಬಂತು. "ಸೌಜನ್ಯಕ್ಕಾ, ನೀನಾದ್ರೂ ತೋರ್ಸು! ನಿಜವಾದ ಆಪರೇಷನ್ ಎಂಗಿರ್ತದೆ ನೋಡ್ಬೇಕು!"

ಸೌಜನ್ಯಳ ಕೈ ಥಟ್ಟನೆ ಕಾಲರಿನ ಗುಂಡಿಗೆ ಹೋಯಿತು. ಮುಖ ಬಾಡಿತು. ಕವನಾ ಅದನ್ನು ನೋಡಿದಳು. ಎದ್ದು ಅವಳ ಮುಂದೆ ಅಡ್ಡ ನಿಂತಳು.

"ಏನೂ ನೋಡಂಗಿಲ್ಲ. ನಂಗೆ ಆಪರೇಷನ್ನೂ ಆಗಿಲ್ಲ, ಏನೂ ಆಗಿಲ್ಲ. ಸುಮ್ನೆ ರೀಲ್ ಬಿಟ್ಟೆ. ಸಾಕಾ? ಓಗ್ರಲಾ!"

"ನಾನೇಳ್ಲಿಲ್ವಾ! ಛತ್ರಿಯಂತೆ, ಛತ್ರಿ!" ಭೀಮ ಗೆದ್ದವನಂತೆ ಕುಣಿಯುತ್ತಾ ಹೋದ. ಉಳಿದವರೂ ಅವನ ಹಿಂದೆ ಓಡಿದರು.

"ಈಗ ಊರೆಲ್ಲಾ ನಿನ್ನ ಸುಳ್ಳಿ ಅಂತಾರೆ ಕಣೇ," ಎಂದಳು ಸೌಜನ್ಯ.

"ಅಂದ್ಕೊಳ್ಳಿ ಬಿಡಕ್ಕ."

ನಲ್ಲಿಯ ಹತ್ತಿರ ತಟ್ಟೆ ತೊಳೆಯುವವರ ಸಾಲು ಉದ್ದ ಇತ್ತು. ಅದು ಕರಗುವವರೆಗೆ ಇಬ್ಬರೂ ಜಗಲಿಯ ಮೇಲೆ ಒತ್ತಿಕೊಂಡು ಕೂತರು.