ಅಂಟಿನ ಕೋಣೆಯ ನಂಟು

"ಅಯ್ಯೋ, ಬಿದ್ದುಬಿಡ್ತೀರಿ... ಹಿಡ್ಕೊಳ್ಳಿ!"

ಶೂ ಕಾರ್ಖಾನೆಯ ಅಂಟಿನ ಕೋಣೆಯಲ್ಲಿ ಯಾರದೋ ಕೈ ತೋಳನ್ನು ಹಿಡಿದಾಗ ಅವಳ ಕಣ್ಣೆದುರು ಎಲ್ಲವೂ ತೇಲುತ್ತಿತ್ತು. ಶೂಗಳ ಸಾಲು, ಅಂಟಿನ ಡಬ್ಬಿಗಳು, ಬಿಳಿ ದೀಪಗಳು... ಆ ಮಂಜಿನ ನಡುವೆ ಎರಡು ಶಾಂತ ಕಣ್ಣುಗಳು.

ಅವನು ಅವಳನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟ. ಈ ಶೂಗಳನ್ನು ದೂರದೇಶದಲ್ಲಿ ಮಾರುವ ಕಂಪನಿ, ಕೆಲಸಗಾರರು ಹೇಗಿದ್ದಾರೆಂದು ನೋಡಲು ಕಳಿಸಿದ್ದ ತಪಾಸಣಾಧಿಕಾರಿ ಅವನು.

"ದಿನಾ ಹೀಗೆ ತಲೆ ಸುತ್ತುತ್ತಾ?"

'ಇಲ್ಲ' ಎನ್ನಬೇಕೆಂದು ಸೂಪರ್‌ವೈಸರ್ ಬೆಳಿಗ್ಗೆಯೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದ. ಆದರೆ ಇಷ್ಟು ಮೆಲ್ಲಗೆ ಅವಳನ್ನು ಯಾರೂ ಕೇಳಿರಲಿಲ್ಲ!

"ಸುತ್ತುತ್ತೆ ಸರ್. ಶೂ ಮೇಲೆ ಧೂಳು ಕೂರುತ್ತೆ ಅಂತ ಕಿಟಕಿ ತೆಗೆಯೋ ಹಾಗಿಲ್ಲ. ಈ ಅಂಟಿನ ಘಾಟು ಮನೆಗೆ ಹೋದ್ರೂ ಬಿಡಲ್ಲ... ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

"ಹೇಳಲ್ಲ. ನಂಬಿ."

ಆ ಸಂಜೆ ಮನೆಯ ದಾರಿಯುದ್ದಕ್ಕೂ ಅವಳ ಕಾಲು ನೆಲಕ್ಕೆ ತಾಗಿದ್ದೇ ಸುಳ್ಳು.

ಮರುವಾರ ಅಂಟಿನ ವಿಭಾಗಕ್ಕೆ ಬೀಗ ಬಿತ್ತು. ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು. 'ನಂಬಿಸಿ ಕೈ ಕೊಟ್ಟನಲ್ಲ...' ಗೇಟಿನ ಬಳಿ ಅವನು ಎದುರಾದಾಗ ಅವಳಿಗೆ ತಡೆಯಲಾಗಲಿಲ್ಲ.

"ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ ಸರ್!"

"ಒಂದು ನಿಮಿಷ..."

ಅವಳು ನಿಲ್ಲಲಿಲ್ಲ.

ತಿಂಗಳ ನಂತರ ಕೆಲಸಕ್ಕೆ ಕರೆ ಬಂತು. ಒಳಗೆ ಕಾಲಿಟ್ಟವಳು ಕನಸೇನೋ ಎಂದು ಕಣ್ಣುಜ್ಜಿಕೊಂಡಳು. ತೆರೆದ ಕಿಟಕಿಗಳು, ತುಂಬ ಬೆಳಕು, ಪ್ರತಿ ಮೇಜಿನ ಮೇಲೂ ಗಾಳಿ ಎಳೆಯುವ ಕೊಳವೆ, ಘಾಟಿಲ್ಲದ ಹೊಸ ಅಂಟು!

ಪಕ್ಕದ ಮೇಜಿನ ಅಕ್ಕ ಕಿವಿಯಲ್ಲಿ ಉಸುರಿದಳು. "ಮ್ಯಾನೇಜರ್ರೇ ಗೊಣಗ್ತಿದ್ರು ಕಣೇ. ಶೂ ಕೊಳ್ಳೋ ಆ ಕಂಪನಿ ಆರ್ಡರನ್ನೇ ಬೇರೆ ಕಡೆ ಕೊಡೋಕೆ ಹೊರಟಿತ್ತಂತೆ. 'ಬಿಟ್ಟುಹೋಗ್ಬೇಡಿ, ಸರಿ ಮಾಡಿಸಿ' ಅಂತ ಆ ತಪಾಸಣೆಯವರು ಪಟ್ಟು ಹಿಡಿದು ಕೂತ್ರಂತೆ. ಯಾರ ಹೆಸರೂ ಎತ್ತಿಲ್ಲ ಪುಣ್ಯಾತ್ಮ!"

ಅವಳು ತೆರೆದ ಕಿಟಕಿಯತ್ತ ತಿರುಗಿದಳು. 'ಏನೆಲ್ಲ ಅಂದುಬಿಟ್ಟೆ ನಾನು...'

ಸಂಜೆ ಗೇಟಿನಾಚೆ ಅವನೇ ನಿಂತಿದ್ದ.

"ತಪ್ಪಾಯ್ತು ಸರ್. ಅವತ್ತು ನಿಮ್ಮ ಮಾತು ಕೇಳ್ಬೇಕಿತ್ತು."

"ಅದು ಬಿಡಿ. ಇನ್ಮೇಲೆ ಈ ಕಾರ್ಖಾನೆಗೆ ನಾನು ಬರಲ್ಲ, ಬೇರೆಯವರು ಬರ್ತಾರೆ. ಅದನ್ನೇ ಹೇಳೋಣ ಅಂತ ಬಂದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನ್ನ ಮೇಲೆ ಕೋಪಾನಾ?"

"ಬರೀ ಕೋಪ ಆಗಿದ್ರೆ ತಪಾಸಣೆಗೆ ಬರ್ತಾನೇ ಇರ್ತಿದ್ದೆ! ತಪಾಸಣೆ ಮಾಡೋನು ಎಲ್ಲರನ್ನೂ ಒಂದೇ ಥರ ನೋಡ್ಬೇಕು. ನನ್ನ ಕಣ್ಣು... ಒಬ್ಬರ ಹತ್ರಾನೇ ನಿಂತುಬಿಡುತ್ತೆ."

ಬೀದಿಯ ಸದ್ದೆಲ್ಲ ಎಲ್ಲೋ ದೂರ ಸರಿದಂತಾಯಿತು. ಸಂಜೆಬಿಸಿಲು ಅವಳ ಕೆನ್ನೆಗೇ ಇಳಿದಿತ್ತು.

"ಹಾಗಾದ್ರೆ ಕಾರ್ಖಾನೆಗೆ ಬರ್ಬೇಡಿ," ಎಂದಳು ಮೆಲ್ಲಗೆ. "ಮನೆಗೆ ಬನ್ನಿ. ಅಮ್ಮ ಇರ್ತಾರೆ."

"ಅಮ್ಮ ಏನಂತಾರೆ?"

"ಕೂರಿಸ್ಕೊಂಡು ನೂರು ಪ್ರಶ್ನೆ ಕೇಳ್ತಾರೆ. ತಪಾಸಣೆ ಅಂದ್ರೆ ಏನು ಅಂತ ಆಗ ಗೊತ್ತಾಗುತ್ತೆ ನಿಮಗೆ!"

ಅವನು ನಕ್ಕ. "ನೀವು ಪಕ್ಕದಲ್ಲಿ ಇರ್ತೀರಾ?"

"ಇರ್ತೀನಿ... ಯಾವಾಗ್ಲೂ."