ಮಗ್ಗ ನಿಲ್ಲಿಸಿದ ದನಿ

"ಓಬಳೇಶ ಅಂದ್ರೆ ನೀವೇ ಏನ್ರೀ?"

ಮೈಕಿನ ಮುಂದೆ ಕೂತಿದ್ದವನು ತಿರುಗಿ ನೋಡಿದ. ಬಾಗಿಲಲ್ಲಿ ನಿಂತವಳ ಮುಖ ಬಿಸಿಲಿಗೋ ಕೋಪಕ್ಕೋ ಕೆಂಪಾಗಿತ್ತು.

"ಹೌದು ಮೇಡಂ..."

"ನಾನು ಜ್ಯೋತಿಲಕ್ಷ್ಮಿ. ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯ್ತೀನಿ. ನಮ್ಮೂರಿನೋರಿಗೆ ಆಟದ ರುಚೀನೇ ಗೊತ್ತಿಲ್ಲ ಅಂತ ನಿನ್ನೆ ರೇಡಿಯೋದಲ್ಲಿ ಅಂದ್ರಲ್ಲ, ಅದನ್ನ ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಅನ್ನಿ ನೋಡೋಣ!"

ಅನ್ನಲು ಬಾಯಿ ಬಂದರೆ ತಾನೆ! ದಿನಾ ಸಂಜೆ ಎರಡು ತಾಲ್ಲೂಕಿಗೆ ಕೇಳುವಂತೆ ಕಬಡ್ಡಿ ಕಾಮೆಂಟರಿ ಹೇಳುವ ಮಹರಾಯ, ಮೈಕಿನ ವೈರು ಸರಿಮಾಡತೊಡಗಿದ.

ನಿಜ ಹೇಳಬೇಕೆಂದರೆ ಜ್ಯೋತಿಯ ಗತಿಯೂ ಅಷ್ಟೇ ಆಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದವಳು, ಒಳಗೆ ಕಾಲಿಟ್ಟ ಮೇಲೆ ಅರ್ಧ ಮರೆತಿದ್ದಳು. ಇದೇನಾ ಅಂಕಣ ರೇಡಿಯೋ! ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮೇಲೊಂದು ಕೋಣೆ. ನಾಲ್ಕೂ ಗೋಡೆಗೆ ಮೇಲಿಂದ ಕೆಳಗಿನವರೆಗೆ ಕರಿ ಕಂಬಳಿ. ಕೆಳಗೆ ಮಿಲ್ಲು ಗುಡುಗುತ್ತಿದ್ದರೂ ಒಳಗೆ ಉಸಿರಿನ ಸದ್ದು ಕೇಳುವಷ್ಟು ಮೌನ.

'ಇಷ್ಟು ವರ್ಷ ನನ್ನ ಮಗ್ಗದ ಪಕ್ಕ ಕೂತು ಮಾತಾಡಿದ ದನಿ ಇಲ್ಲಿಂದ ಬರ್ತಿತ್ತಾ...' ಅವಳ ಮೈ ಜುಮ್ಮೆಂದಿತು.

"ಏನಮ್ಮಾ, ಕಂಬಳಿ ನೋಡ್ತಿದ್ದೀಯಾ?" ಮೂಲೆಯ ಕುರ್ಚಿಯಲ್ಲಿದ್ದ ಹಿರಿಯರು ನಕ್ಕರು. ಅವರೇ ಪಾತಣ್ಣ, ಈ ರೇಡಿಯೋ ಕಟ್ಟಿದವರು. "ಮಿಲ್ಲಿನ ಸದ್ದು ಮೈಕಿಗೆ ಬೀಳಬಾರ್ದು ಅಂತ ನಾನೇ ಹೊಡೆಸಿದ್ದು. ಅದಕ್ಕೂ ಮೊದ್ಲು ಆಟೋಗೆ ಮೈಕ್ ಕಟ್ಕೊಂಡು, ಕಬಡ್ಡೀಲಿ ಯಾರು ಗೆದ್ರು ಅಂತ ಬೀದಿ ಬೀದಿ ಕೂಗ್ತಿದ್ದೆ. ಜನ ಕೆಲ್ಸ ಬಿಟ್ಟು ಆಟೋ ಹಿಂದೆ ಓಡಿ ಬರೋರು! ಇವ್ರಿಗೆ ಕೂತಲ್ಲೇ ಕೇಳ್ಸಿದ್ರೆ ಹೆಂಗೆ ಅನ್ನಿಸ್ತು. ಲೈಸೆನ್ಸಿಗೆ ಅಲೆದು ಅಲೆದು ಚಪ್ಪಲಿ ಸವೆಸ್ದೆ. ಬೆಳಿಗ್ಗೆ ಪೈಲ್ವಾನರ ಮಾತು, ಮಧ್ಯಾಹ್ನ ಹೆಣ್ಮಕ್ಕಳ ಖೋ ಖೋ, ಸಂಜೆ ಕಬಡ್ಡಿ. ಆಟ ಬಿಟ್ರೆ ಇಲ್ಲಿ ಬೇರೆ ಮಾತೇ ಇಲ್ಲ. ನಿಮ್ಮೂರ ಗುಡ್ಡದ ಮೇಲೂ ಒಂದು ಟವರ್ ನಿಲ್ಸಿದ್ವಿ..."

ಅವರ ದನಿ ಇಳಿಯಿತು. "ಬರೋ ವಾರ ಅದನ್ನ ಇಳಿಸ್ಬೇಕು ಅಂತ ಮಾಡೀವಿ."

"ಅಯ್ಯೋ! ಯಾಕೆ?"

ಈಗ ಓಬಳೇಶನಿಗೆ ಮಾತು ಬಂತು. "ಚಳ್ಳಕೆರೆ ಜನ ಫೋನ್ ಮೇಲೆ ಫೋನ್ ಮಾಡ್ತಾರೆ, ಜಗಳ ಆಡ್ತಾರೆ. ನಿಮ್ಮೂರಿಂದ ಈವರೆಗೆ ಒಂದು ಫೋನ್ ಬಂದಿಲ್ಲ. ಯಾರಿಗೆ ಅಂತ ಮಾತಾಡ್ಲಿ ನಾನು? ಗುಡ್ಡಕ್ಕಾ?"

"ಎರಡು ಕೈಗೂ ಲಾಳಿ ಕೆಲ್ಸ, ಎರಡು ಕಾಲೂ ಮಗ್ಗದ ಗುಂಡಿಯೊಳಗೆ ಹಲಗೆ ತುಳೀತಿರ್ತಾವೆ. ಫೋನ್ ಏನು ಮೂಗಲ್ಲಿ ಒತ್ಬೇಕೇನ್ರೀ?"

ಪಾತಣ್ಣ ಗೊಳ್ಳೆಂದು ನಕ್ಕರು. ಓಬಳೇಶ ನಗಲಿಲ್ಲ. ನೋವಾಗಿತ್ತು ಅವನಿಗೆ.

"ಈ ವಾರ ಕಬಡ್ಡಿ ಫೈನಲ್ ಐತಲ್ಲ, ಅವತ್ತು ನಮ್ಮ ಬೀದಿಗೆ ಬನ್ನಿ. ಆಮೇಲೆ ಟವರ್ ಇಳಿಸೋ ಮಾತಾಡಿ," ಎಂದಳು ಜ್ಯೋತಿ.

"ಅವತ್ತು ನಾನಿಲ್ಲಿ ಕಾಮೆಂಟರಿ ಹೇಳ್ಬೇಕಲ್ರಿ!"

"ನಾನು ಹೇಳ್ತೀನಿ, ನೀನು ಹೋಗ್ಲೇ," ಎಂದರು ಪಾತಣ್ಣ. "ಮಾತಾಡಿದ್ದು ಸಾಕು, ಒಂದಿನ ಕೇಳ್ಕೊಂಡು ಬಾ. ನೀನು ಬಂದು ಏನು ಹೇಳ್ತೀಯೋ ಅದೇ ತೀರ್ಮಾನ."

ಮೆಟ್ಟಿಲಿಳಿಯುತ್ತಾ ಜ್ಯೋತಿ ನಾಲಿಗೆ ಕಚ್ಚಿಕೊಂಡಳು. 'ಅಷ್ಟು ಬಿರುಸಾಗಿ ಮಾತಾಡ್ಬಾರ್ದಿತ್ತು... ನನ್ನ ಕಂಡ್ರೆ ಆಗಲ್ಲ ಈಗ ಅವ್ರಿಗೆ!'

ಮೇಲೆ ಕೂತವನು, ತನ್ನ ಕಂಡರೇ ಇವಳಿಗಾಗುವುದಿಲ್ಲ ಎಂದುಕೊಳ್ಳುತ್ತಿದ್ದ. ಇಬ್ಬರಿಗೂ ಬುದ್ಧಿ ಅಷ್ಟಕ್ಕಷ್ಟೇ ಬಿಡಿ!

ಫೈನಲ್ ದಿನ ಓಬಳೇಶ ಬಂದ. ಜ್ಯೋತಿಯ ಮನೆಯ ಕಿಟಕಿಯ ಹೊರಗೆ, ಬೀದಿಯಲ್ಲೇ ನಿಂತ. ಒಳಗೆ ಕರೆದರೂ ಬರಲಿಲ್ಲ. ಸಾಲು ಮನೆ, ಮನೆಮನೆಯಲ್ಲೂ ಮಗ್ಗ. ಟಕ ಟಕ, ಟಕ ಟಕ... ಕಿವಿ ಗಡಚಿಕ್ಕುವ ಗದ್ದಲ. ಅದರಡಿಯಲ್ಲಿ ಎಲ್ಲೋ ರೇಡಿಯೋ ಗೊಣಗುತ್ತಿತ್ತು.

ಅವನ ಮುಖ ಸಣ್ಣದಾಯಿತು. "ಈ ಸದ್ದಲ್ಲಿ ಯಾರು ಕೇಳ್ತಾರೆ ಬಿಡ್ರಿ... ನಾನು ಹೊರಡ್ತೀನಿ."

"ಸ್ವಲ್ಪ ತಡೀರಿ," ಎಂದಳು ಜ್ಯೋತಿ, ಮಗ್ಗದಿಂದ ತಲೆಯೆತ್ತದೆ. ಅವಳ ಎದೆ ಮಗ್ಗಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. 'ದೇವರೇ, ಇವತ್ತೊಂದಿನ ಕೈ ಬಿಡಬೇಡಪ್ಪಾ...'

ಆಗ ಪಾತಣ್ಣನ ದನಿ ಏರಿತು. "ಕೊನೇ ರೈಡ್! ಉಸಿರು ಕಟ್ಟಿ ಗೆರೆ ದಾಟ್ದ ನೋಡ್ರಪ್ಪಾ..."

ಎದುರು ಮನೆಯ ಮಗ್ಗ ನಿಂತಿತು.

ಅದರ ಪಕ್ಕದ್ದು ನಿಂತಿತು. ಆಮೇಲೆ ಅದರಾಚೆಯದು... ಮೇಲಿನ ಸಾಲು, ಹಿಂದಿನ ಓಣಿ... ಒಂದೇ ಒಂದು ಮಗ್ಗ ಬಿಟ್ಟರೆ, ಹಗಲೆಲ್ಲ ಬಾಯಿ ಮುಚ್ಚದ ಬೀದಿ ಗಪ್‌ಚಿಪ್ ಆಯಿತು!

ಮನೆಮನೆಯಿಂದಲೂ ರೇಡಿಯೋದ ಒಂದೇ ದನಿ. ಆಟಗಾರ ಉಸಿರು ಕಟ್ಟಿದ್ದಾನೆಂದು ಈ ಊರೂ ಉಸಿರು ಕಟ್ಟಿ ಕೂತಿತ್ತು. ತಾನು ಮೈಕಿನ ಮುಂದೆ "ದಾಟ್ದ" ಎಂದಾಗಲೆಲ್ಲ, ಇಲ್ಲಿ, ತನಗೆ ಗೊತ್ತೇ ಇಲ್ಲದೆ...

ಓಬಳೇಶನಿಗೆ ಕಣ್ಣು ತುಂಬಿ ಬಂತು. ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತ. ಗುಡಿಯ ಮುಂದೆ ನಿಲ್ಲುತ್ತಾರಲ್ಲ, ಹಾಗೆ.

"ಮುಟ್ಟಿ ಬಂದ! ಗೆದ್ರು!"

ಬೀದಿ ನಿಟ್ಟುಸಿರು ಬಿಟ್ಟಿತು. ಎಲ್ಲೋ ಸೀಟಿ, ಎಲ್ಲೋ ನಗು. ಮತ್ತೆ ಟಕ ಟಕ ಶುರು.

ಅವನು ಫೋನ್ ತೆಗೆದು, ಪಾತಣ್ಣ ಎತ್ತುವವರೆಗೂ ಬಿಡದೆ ಮಾಡಿದ. "ಪಾತಣ್ಣಾ... ಟವರ್ ಮುಟ್ಬೇಡಿ. ಇಲ್ಲಿ ಊರಿಗೆ ಊರೇ ಕೇಳ್ತೈತೆ."

ಜ್ಯೋತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಅವಳವ್ವ ಎರ್ರಮ್ಮ ಬಂದಳು.

"ಏಮೇ ಜ್ಯೋತೀ, ಏಮಯಿಂದಿ ನೀಕು? ಏನಾಯ್ತೇ ನಿಂಗೆ? ದಿನಾ ಬೀದಿಗೆಲ್ಲ ಮೊದ್ಲು ನಿಲ್ಲೋದು ನಿನ್ನ ಮಗ್ಗ. ಇವತ್ತು ಎಲ್ರೂ ನಿಲ್ಸಿದ್ರೂ ನೀನೊಬ್ಳೇ ನೇಯ್ತಿದ್ಯಲ್ಲ!"

ಜ್ಯೋತಿ ಬೆಪ್ಪಾದಳು. ಹೌದಾ? ನಿಲ್ಲಿಸಲೇ ಇಲ್ವಾ ನಾನು?

"ಯಾಕ್ರೀ?" ಕಿಟಕಿಯ ಸರಳು ಹಿಡಿದು ಓಬಳೇಶ ಮೆಲ್ಲಗೆ ಕೇಳಿದ. "ಆಟ ಹಿಡಿಸಲಿಲ್ವಾ?"

ಉತ್ತರ ಅವಳಿಗೂ ಆಗಲೇ ಹೊಳೆದಿದ್ದು. ಕೆನ್ನೆ ಬಿಸಿಯಾಯಿತು.

"ರೇಡಿಯೋದಲ್ಲಿ... ನಿಮ್ಮ ದನಿ ಇರ್ಲಿಲ್ವಲ್ಲ."

ಎರ್ರಮ್ಮನಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿನ ಹಾಲು ನೆನಪಾಯಿತು! ಅವಳು ಒಳಗೆ ನಡೆದಳು.

ನಾಚಿಕೆ ಮುಚ್ಚಿಕೊಳ್ಳಲು ಜ್ಯೋತಿ ಲಾಳಿ ಜೋರಾಗಿ ಎಳೆದಳು. ಟಕ ಟಕ, ಟಕ ಟಕ...

"ಆ ಕಂಬಳಿಗಳ ಮುಂದೆ ಕೂತು ಯಾರಿಗೆ ಮಾತಾಡ್ತಿದ್ದೀನಿ ಅಂತ ಇಷ್ಟು ವರ್ಷ ಗೊತ್ತಿರ್ಲಿಲ್ಲ," ಎಂದ ಓಬಳೇಶ. "ಈಗ ಗೊತ್ತಾಯ್ತು. ನೀನು ಬಂದು ಬೈದ ದಿನದಿಂದ ನನಗೆ ಬೇರೇನೂ ಕೇಳಿಸ್ತಾನೇ ಇಲ್ಲ. ನೀನಂದ್ರೆ ನನಗೆ ಪ್ರಾಣ, ಜ್ಯೋತಿ."

ಮಗ್ಗ ನಿಂತಿತು.

"ಅಗೋ... ನಿಂತ್ಬಿಡ್ತಲ್ಲ!" ಅವನು ಮಗುವಿನಂತೆ ನಕ್ಕ.

ಅವಳು ತಲೆಯೆತ್ತಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ತುಂಟತನ.

"ಮಗ್ಗದ ಸದ್ದು ನೋಡ್ರಿ, ಸರಿಯಾಗಿ ಕೇಳ್ಸಲಿಲ್ಲ. ಈಗ ಇನ್ನೊಂದ್ಸಲ ಹೇಳಿ..."