ಹದಿನಾಲ್ಕನೇ ಖಾನೆಯ ರಟ್ಟು

ಮಂಗಳವಾರ, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರು ಒಂದೂವರೆ ಪುಟವಿತ್ತು. ಅದರಲ್ಲಿ ಒಂದು ಪುಟ ದೂರುದಾರರ ಹುದ್ದೆ, ಉಲ್ಲೇಖ, ಪ್ರತಿ ಕಳುಹಿಸಿದವರ ಪಟ್ಟಿಯಲ್ಲೇ ಮುಗಿದಿತ್ತು. ಉಳಿದ ಅರ್ಧದಲ್ಲಿ ವಿಷಯ: ಇಲಾಖೆಯ ರೆಕಾರ್ಡ್ ರೂಮಿನಿಂದ ಹೋದ ವರ್ಷದ ಒಂದು ಹಾಜರಿ ಪುಸ್ತಕ ಕಳುವಾಗಿದೆ. ಗುರುವಾರ ಹನ್ನೊಂದಕ್ಕೆ ಸಂಸದೀಯ ಸಮಿತಿ ಬಂದು ಅದನ್ನು ಪರಿಶೀಲಿಸಲಿದೆ. ಬೀಗ ಒಡೆದಿಲ್ಲ. ಬೀಗದ ಕೈ ಇರುವುದು ರೆಕಾರ್ಡ್ ಕೀಪರ್ ಬಳಿ ಮಾತ್ರ.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಚಿನ್ನ ಹುಡುಕಿದ್ದಳು, ಸ್ಕೂಟರು ಹುಡುಕಿದ್ದಳು, ಒಮ್ಮೆ ಓಡಿಹೋದ ಮದುವೆಗಂಡನ್ನೂ ಹುಡುಕಿಕೊಟ್ಟಿದ್ದಳು. ಹಾಜರಿ ಪುಸ್ತಕ ಮಾತ್ರ ಇದೇ ಮೊದಲು. ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಜೊತೆಗೆ ಹೊರಟವನು ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಎಲ್ಲರೂ ಅವನನ್ನು ಪುರಾಣಿಕ ಎನ್ನುತ್ತಿದ್ದರು. ಬೇರೆಯವರು ಎರಡು ಪುಟದಲ್ಲಿ ಮುಗಿಸುವ ಪಂಚನಾಮೆಯನ್ನು ಅವನು ಹನ್ನೊಂದು ಪುಟ ಬರೆಯುತ್ತಿದ್ದ. ಗೋಡೆಯ ಮೇಲೆ ಸೊಳ್ಳೆ ಕೂತಿದ್ದರೆ ಅದರ ಕಾಲು ಎಣಿಸಿ ಬರೆಯುವ ಆಸಾಮಿ ಎಂದು ಅವಳೇ ಎಷ್ಟೋ ಸಲ ಗೇಲಿ ಮಾಡಿದ್ದಳು.

ಇಲಾಖೆಯ ಮೂರನೇ ಮಹಡಿ ಹೊಸ ಕುರ್ಚಿಗಳಿಂದ ತುಂಬಿತ್ತು. ಎಷ್ಟೋ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಜನ ಮೂರರಲ್ಲಿ ಒಂದು ಪಾಲು. ಸಮಿತಿ ಬರುತ್ತಿದ್ದುದೇ ಇದಕ್ಕೆ: ಇಷ್ಟು ಕುರ್ಚಿ ಯಾರಿಗೆ, ಅದರಲ್ಲಿ ಯಾರು ಎಷ್ಟು ಹೊತ್ತಿಗೆ ಬಂದು ಕೂರುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ. ಇನ್ಸ್‌ಪೆಕ್ಟರ್ ನಡೆದು ಹೋದಂತೆಲ್ಲ ಮಾತು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನಿದ್ದರೆ ಪೊಲೀಸರಿಗೆ ಅನುಕೂಲ. ಇಲ್ಲಿ ಮಹಡಿಗೆ ಮಹಡಿಯೇ ಹೆಗಲು ಮುಟ್ಟಿಕೊಳ್ಳುತ್ತಿತ್ತು.

ಜಂಟಿ ನಿರ್ದೇಶಕರು ನೀರು ಕುಡಿದು ಮಾತಿಗೆ ಕೂತರು.

"ಸಮಿತಿ ಎಷ್ಟು ಪುಸ್ತಕ ಕೇಳಿತ್ತು?"

"ಮಾದರಿಗೆ ಒಂದು. ನಾವೇ ಆರಿಸಿ ಹೇಳಿದ್ವಿ. ಟಪಾಲು ಶಾಖೆದು."

"ಅದೇ ಯಾಕೆ?"

"ಅದು ನಮ್ಮ ಗಡಿಯಾರದ ಶಾಖೆ ಮೇಡಂ. ಗಡಿಯಾರ ಅಂದ್ರೆ ಅಲ್ಲಿನ ಸೂಪರಿಂಟೆಂಡೆಂಟ್. ಇಪ್ಪತ್ತೇಳು ವರ್ಷದಲ್ಲಿ ಒಂದು ನಿಮಿಷ ತಡ ಮಾಡಿದವರಲ್ಲ. ತಲೆ ಮೇಲೆ ತಲೆ ಬಿದ್ರೂ ಹತ್ತಕ್ಕೆ ಹಾಜರು. ಕೆಳಗೆ ಚಹಾ ಅಂಗಡಿಯವನು ಅವರನ್ನ ನೋಡಿ ಟೈಮ್ ಸರಿ ಮಾಡ್ಕೋತಾನೆ."

"ಆ ಪುಸ್ತಕ ತೆಗೆದು ನೋಡಿದ್ರಾ?"

"ಅದರಲ್ಲಿ ನೋಡೋದೇನಿದೆ?"

"ಕುರ್ಚಿ ಖರೀದಿ ಫೈಲು?"

"ಅದು ಇದೆ," ಎಂದರು ಸಾಹೇಬರು. ಇದೆಯಲ್ಲ ಎಂಬ ಬೇಸರ ಆ ಧ್ವನಿಯಲ್ಲಿತ್ತು.

ಅಲ್ಲೇ ಅವಳಿಗೆ ಅನುಮಾನ ಕಚ್ಚಿಕೊಂಡಿತು. ಮುಚ್ಚಿಡಬೇಕಾದ ಫೈಲು ಭದ್ರವಾಗಿದೆ, ತೋರಿಸಬೇಕೆಂದಿದ್ದ ಪುಸ್ತಕ ಮಾಯವಾಗಿದೆ. ಗದ್ದಲ ಎಬ್ಬಿಸಿ ಸಮಿತಿಯ ಭೇಟಿಯನ್ನೇ ಮುಂದೂಡಿಸುವ ಹೂಟ ಇರಬಹುದೇ? ಸಾಹೇಬರು ಬಾಗಿಲವರೆಗೂ ಬಂದು, "ಕೀಪರ್‌ನ ಇವತ್ತೇ ಕರ್ಕೊಂಡು ಹೋಗಿ. ಸಮಿತಿ ಮುಂದೆ ಬಂಧನ ಆಗಿದೆ ಅಂತ ಹೇಳ್ಬಹುದು," ಎಂದಾಗ ಅನುಮಾನ ಇನ್ನಷ್ಟು ದಪ್ಪವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯರು ಕಚೇರಿಗೊಬ್ಬರು ಇದ್ದೇ ಇರುತ್ತಾರೆ.

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಕುರ್ಚಿಗಳ ಜೊತೆಗೇ ಹೋದ ವರ್ಷ ಕೊಂಡ ಹೊಸ ಉಕ್ಕಿನ ಕಪಾಟುಗಳು. ಕೀಪರ್‌ನನ್ನು ಇಡೀ ಇಲಾಖೆ ಅಜ್ಜ ಎಂದು ಕರೆಯುತ್ತಿತ್ತು. ಪುರಾಣಿಕ ಇಬ್ಬರು ಗುಮಾಸ್ತರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಖಾನೆಗಳನ್ನು ಎಣಿಸತೊಡಗಿದ. ಇನ್ಸ್‌ಪೆಕ್ಟರ್ ಬಾಗಿಲ ಬಳಿ ಅಜ್ಜನನ್ನು ವಿಚಾರಿಸಿದಳು.

"ಬೀಗದ ಕೈ ಎಲ್ಲಿರುತ್ತೆ?"

"ಸೊಂಟದಲ್ಲಿ."

"ಯಾವಾಗಲೂ?"

"ಯಾವಾಗಲೂ ಮೇಡಂ."

ಅವಳು ಕೈ ಎತ್ತಿ ಬಾಗಿಲ ಚೌಕಟ್ಟಿನ ಮೇಲೆ ಸವರಿದಳು. ಬೆರಳಿಗೆ ಧೂಳು ಮೆತ್ತಿತು. ಮೊಬೈಲಿನಲ್ಲಿ ಅಲ್ಲಿನ ಫೋಟೊ ತೆಗೆದು ಅಜ್ಜನಿಗೆ ತೋರಿಸಿದಳು. ಧೂಳಿನ ನಡುವೆ ಒಂದು ಬೀಗದ ಕೈಯಷ್ಟು ಜಾಗ ಮಾತ್ರ ಶುಭ್ರವಾಗಿತ್ತು.

"ನಿಮ್ಮ ಸೊಂಟ ಇಷ್ಟು ಎತ್ತರದಲ್ಲಿದೆಯಾ ಅಜ್ಜಾ?"

"ನಾಲ್ಕು ಗಂಟೆಗೆ ಚಹಾಕ್ಕೆ ಹೋಗುವಾಗ ಅಲ್ಲಿಡ್ತೀನಿ."

"ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

"ನಿಮ್ಮ ನಿವೃತ್ತಿ ಯಾವಾಗ?"

"ತಿಂಗಳ ಕೊನೆಗೆ. ಇನ್ನು ಹನ್ನೆರಡು ದಿನ."

"ಈಗ ಕೇಸು ಬಿದ್ರೆ ಪಿಂಚಣಿ ನಿಲ್ಲುತ್ತೆ. ಮನೇಲಿ ಯಾರಿದ್ದಾರೆ?"

"ಮಗಳು, ಇಬ್ಬರು ಮೊಮ್ಮಕ್ಕಳು. ಅಳಿಯ ತೀರಿಕೊಂಡ." ಅಷ್ಟು ಹೇಳಿ ಅವನು ಕಪಾಟಿನ ಕಡೆ ಒಮ್ಮೆ ನೋಡಿ ತಟ್ಟನೆ ಮುಖ ತಿರುಗಿಸಿದ. ಆ ನೋಟ ಅವಳ ಕಣ್ಣಿಗೆ ತಪ್ಪಲಿಲ್ಲ. ಮುದುಕ ಏನೋ ಬಚ್ಚಿಡುತ್ತಿದ್ದಾನೆ.

ಎರಡು ಇಪ್ಪತ್ತಕ್ಕೆ ಪುರಾಣಿಕ ಹನ್ನೊಂದು ಪುಟ ಒಪ್ಪಿಸಿದ. ಅವಳು ಓದದೆ ಕೊನೆಗೆ ಸಹಿ ಹಾಕಿದಳು. ಸಂಜೆ ಮೇಲಧಿಕಾರಿಯ ಫೋನು ಬಂತು: "ಬುಧವಾರ ಸಂಜೆಯೊಳಗೆ ಬಂಧನ ಆಗ್ಬೇಕು. ಆ ಕೀಪರ್ ಇದ್ದಾನಲ್ಲ, ಸಾಕು." ಸಾಕು ಎಂಬ ಮಾತು ಅವಳಿಗೆ ಹಿಡಿಸಲಿಲ್ಲ, ಆದರೆ ಅದನ್ನು ಅಲ್ಲಗಳೆಯಲು ಅವಳ ಬಳಿ ಪುರಾವೆಯೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ, ಅಜ್ಜನ ಬಂಧನದ ಕಾಗದ ಸಿದ್ಧ ಮಾಡುವ ಮೊದಲು, ಬೇರೆ ದಾರಿ ಕಾಣದೆ ಅವಳು ಪಂಚನಾಮೆ ಓದಲು ಕೂತಳು. ಐದು ಪುಟ ಕಿಟಕಿ, ಬಲ್ಬು, ಬಿರುಕುಗಳಲ್ಲೇ ಕಳೆದವು. ಆರನೇ ಪುಟದಲ್ಲಿ ಹೀಗಿತ್ತು: 'ಹದಿನಾಲ್ಕನೇ ಖಾನೆಯಲ್ಲಿ ಪುಸ್ತಕವಿಲ್ಲ. ಆ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದ ರಟ್ಟು ಒಂದು. ಮುಂಬದಿ ನೀಲಿ ಶಾಯಿಯಲ್ಲಿ ತಾರೀಖು. ಹಿಂಬದಿ ಅರ್ಧ ಕುರ್ಚಿಯ ಚಿತ್ರ.' ಕೆಳಗೆ ತಾರೀಖನ್ನೂ ನಕಲು ಮಾಡಿದ್ದ. ದಿನ ಹದಿನೆಂಟು. ತಿಂಗಳು ಇದೇ. ವರ್ಷ ಮಾತ್ರ ಹತ್ತೊಂಬತ್ತು ವರ್ಷ ಹಿಂದಿನದು.

"ಇದನ್ನ ಸರಿಯಾಗಿ ನೋಡಿ ಬರೆದಿದ್ದೀಯಾ?"

"ಕಂಡದ್ದು ಬರೆಯೋದಷ್ಟೇ ಮೇಡಂ ನನ್ನ ಕೆಲಸ."

"ಕುರ್ಚಿ ಚಿತ್ರ?"

"ಹೊಸ ಕುರ್ಚಿ ಬಂದ ಪೆಟ್ಟಿಗೆಯಿಂದ ಕತ್ತರಿಸಿದ್ದು. ಅಂಥ ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಇವೆ. ಎಂಟನೇ ಪುಟದಲ್ಲಿ ಬರೆದಿದ್ದೀನಿ."

ಆ ಕುರ್ಚಿಗಳು ಬಂದದ್ದೇ ಹೋದ ವರ್ಷ. ಹತ್ತೊಂಬತ್ತು ವರ್ಷದ ಹಿಂದೆ ಆ ರಟ್ಟು ಎಲ್ಲಿತ್ತು? ಯಾರೋ ಮೊನ್ನೆ ಸೋಮವಾರ, ಹದಿನೆಂಟರಂದು, ಹೊಸ ರಟ್ಟಿನ ಮೇಲೆ ಹಳೆಯ ವರ್ಷ ಬರೆದಿದ್ದಾರೆ. ಆ ವರ್ಷ ಅಲ್ಲಿ ಕೆಲಸ ಮಾಡಿದವರ ಕೈಗೇ ಅದು ತಪ್ಪಿ ಬರಬಹುದು. ಓದದೆ ಸಹಿ ಹಾಕಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಒಂಬತ್ತೂವರೆಗೆ ಅವರು ನೆಲಮಾಳಿಗೆಯಲ್ಲಿದ್ದರು. ಹದಿನಾಲ್ಕನೇ ಖಾನೆಯಲ್ಲಿ ರಟ್ಟು ಇರಲಿಲ್ಲ. ಪಕ್ಕದ ಪುಸ್ತಕಗಳು ಖಾಲಿ ಜಾಗಕ್ಕೆ ವಾಲಿದ್ದವು.

"ರಟ್ಟು ಎಲ್ಲಿ ಅಜ್ಜಾ?"

"ಯಾವ ರಟ್ಟು?"

ಅವಳು ಆರನೇ ಪುಟ ಅವನ ಮುಂದೆ ಹಿಡಿದಳು. "ಪುಸ್ತಕ ತೆಗೆದ್ರೆ ಜಾಗದಲ್ಲಿ ತಾರೀಖು ಬರೆದ ರಟ್ಟು ಇಡೋದು ಯಾರ ಪದ್ಧತಿ?"

"ನಂದೇ. ಜಾಗ ಖಾಲಿ ಬಿಟ್ರೆ ಪಕ್ಕದ್ದು ಬೀಳುತ್ತೆ."

"ಹತ್ತೊಂಬತ್ತು ವರ್ಷದ ಹಿಂದೆ ಈ ರೂಮಿನಲ್ಲಿ ನಿಮ್ಮ ಹತ್ರ ಕೆಲಸ ಕಲಿತದ್ದು ಯಾರು?"

ಅಜ್ಜ ವಾಲಿದ ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸತೊಡಗಿದ.

"ನೀವು ಹೇಳದಿದ್ರೆ ಸಿಬ್ಬಂದಿ ದಾಖಲೆ ಹೇಳುತ್ತೆ. ಆದ್ರೆ ಅಷ್ಟರಲ್ಲಿ ನಿಮ್ಮ ಕೈಗೆ ಬೇಡಿ ಬಿದ್ದಿರುತ್ತೆ. ಮೊಮ್ಮಕ್ಕಳ ಮುಖ ನೆನಪು ಮಾಡ್ಕೊಳ್ಳಿ."

ಅಜ್ಜ ಅಂಗಿಯ ಒಳಗಿನಿಂದ ರಟ್ಟು ತೆಗೆದು ಮೇಜಿನ ಮೇಲಿಟ್ಟ. ಕಣ್ಣು ತುಂಬಿತ್ತು. "ಈ ರಟ್ಟು ಇಡೋದನ್ನ ಎಷ್ಟೋ ಜನಕ್ಕೆ ಕಲಿಸಿದೆ ಮೇಡಂ. ಎಲ್ರೂ ಮರೆತ್ರು. ಮರೀದೆ ಇದ್ದೋನು ಅವನೊಬ್ಬನೇ. ನಮ್ಮ ಗಡಿಯಾರ. ಬೀಗದ ಕೈ ಇಡೋ ಜಾಗವೂ ಅವನಿಗೆ ಗೊತ್ತು. ಆ ತಾರೀಖು ನೋಡಿದಾಗಲೇ ಅವನೇ ಅಂತ ತಿಳೀತು. ನಂದು ಹನ್ನೆರಡು ದಿನ ಅಷ್ಟೇ, ಅವನಿಗಿನ್ನೂ ನಾಲ್ಕು ವರ್ಷ ಸರ್ವಿಸ್ ಇದೆ ಅಂತ ಸುಮ್ಮನಾದೆ."

ರಟ್ಟನ್ನು ವಶಕ್ಕೆ ಪಡೆದು ಅವರು ಟಪಾಲು ಶಾಖೆಗೆ ಹೋದರು. ಗಡಿಯಾರದ ಕುರ್ಚಿ ಖಾಲಿ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ರಜೆ, ಅದೂ ಎರಡು ದಿನ. ದಾರಿಯುದ್ದಕ್ಕೂ ಇನ್ಸ್‌ಪೆಕ್ಟರ್ ಒಂದೇ ಲೆಕ್ಕ ಹಾಕಿದಳು: ಸಾಹೇಬರು ಹೇಳಿಸಿ ಮಾಡಿಸಿದ್ದಾರೆ, ಇವನು ಮಾಡಿದ್ದಾನೆ, ಪುಸ್ತಕ ಈ ಹೊತ್ತಿಗೆ ಬೂದಿಯಾಗಿದೆ.

ಹನ್ನೊಂದು ಇಪ್ಪತ್ತಕ್ಕೆ ಸೂಪರಿಂಟೆಂಡೆಂಟರ ಮನೆಯ ಬಾಗಿಲು ತೆರೆದವಳು ಅವರ ಹೆಂಡತಿ. ಪೊಲೀಸರನ್ನು ಕಂಡು ಅವಳು ಬೆಚ್ಚಲಿಲ್ಲ, ದಣಿದವಳಂತೆ ಪಕ್ಕಕ್ಕೆ ಸರಿದಳು. "ಇವ್ರು ಒಳಗೆ ಕೆಲಸ ಮಾಡ್ತಿದ್ದಾರೆ." ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿತ್ತು: ಇವತ್ತು ಬುಧವಾರ. ಒಲೆಯ ಮೇಲ್ಗಡೆ ಇನ್ನೊಂದು: ಗ್ಯಾಸ್ ಆರಿಸು. ಕನ್ನಡಿಯ ಮೇಲೆ ಮತ್ತೊಂದು: ಹಲ್ಲುಜ್ಜಿ ಆಗಿದೆ. ಎಲ್ಲವೂ ಒಂದೇ ನೀಲಿ ಶಾಯಿಯ ದುಂಡಗಿನ ಅಕ್ಷರ. ಪುರಾಣಿಕ ಬರೆಯಲು ಪೆನ್ನು ತೆಗೆದವನು ಹಾಗೇ ನಿಂತ.

ಊಟದ ಮೇಜಿನ ಮುಂದೆ ಇಸ್ತ್ರಿ ಮಾಡಿದ ಬಟ್ಟೆ, ಬೂಟು ತೊಟ್ಟು ಒಬ್ಬರು ಕೂತಿದ್ದರು. ಮುಂದೆ ಹಾಜರಿ ಪುಸ್ತಕ, ಕೈಯಲ್ಲಿ ಪೆನ್ಸಿಲ್.

"ಕೂತ್ಕೊಳ್ಳಿ. ಡಿಸೆಂಬರ್ ತಿಂಗಳೊಂದೇ ಉಳಿದಿದೆ," ಎಂದರು.

"ಏನು ಮಾಡ್ತಿದ್ದೀರಿ?"

"ಪರಿಶೀಲನೆ." ಅವರು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಅಂಚಿನಲ್ಲೆಲ್ಲ ಪೆನ್ಸಿಲಿನ ಪ್ರಶ್ನೆ ಚಿಹ್ನೆಗಳು. "ಒಂಬತ್ತು ಭಾನುವಾರ ಸಹಿ ಹಾಕಿದ್ದೀನಿ. ಜೂನ್‌ನಲ್ಲಿ ಒಂದೇ ದಿನ ಮೂರು ಸಲ. ಇಲ್ಲಿ ನೋಡಿ, ಇದು ನನ್ನ ಸಹಿನೇ ಅಲ್ಲ, ನನ್ನ ಹಿಂದಿನ ಸೂಪರಿಂಟೆಂಡೆಂಟ್ ಹೆಸರು ಬರೆದಿದ್ದೀನಿ. ಅವರು ತೀರಿಕೊಂಡು ಆರು ವರ್ಷ ಆಯ್ತು."

"ಯಾರೂ ನೋಡ್ಲಿಲ್ವಾ?"

"ಹಾಜರಿ ಪುಸ್ತಕ ಯಾರು ನೋಡ್ತಾರೆ ಮೇಡಂ? ಎಲ್ರೂ ಸಹಿ ಹಾಕಿ ಹೋಗ್ತಾರೆ. ನನ್ನ ಮೇಲೆ ನನಗೇ ಒಂದು ವರ್ಷದಿಂದ ಅನುಮಾನ. ಸಮಿತಿಗೆ ನನ್ನ ಪುಸ್ತಕವನ್ನೇ ಮಾದರಿ ಅಂತ ತೋರಿಸ್ತಾರೆ ಅಂತ ಗೊತ್ತಾಯ್ತು. ಅವರು ಪುಟ ತಿರುಗಿಸಿದ್ರೆ ನಾನೇನು ಹೇಳ್ಲಿ? ನನ್ನ ಹತ್ರ ಇದ್ದದ್ದು ಗಡಿಯಾರ ಅನ್ನೋ ಹೆಸರೊಂದೇ."

"ಸುಟ್ಟು ಹಾಕಬಹುದಿತ್ತಲ್ಲ?"

ಅವರು ಗಾಬರಿಯಿಂದ ತಲೆ ಎತ್ತಿದರು. "ಸರ್ಕಾರಿ ಪುಸ್ತಕ ಸುಡೋದಾ? ಅದು ಅಪರಾಧ ಅಲ್ವಾ?"

ಇನ್ಸ್‌ಪೆಕ್ಟರ್‌ಗೆ ನಗು ಬಂತು. "ಅಜ್ಜನ ಮೇಲೆ ಕೇಸು ಬೀಳೋದ್ರಲ್ಲಿತ್ತು," ಎಂದಳು.

"ಅಜ್ಜನ ಮೇಲಾ? ಹ್ಯಾಗೆ? ನಾನು ರಟ್ಟು ಇಟ್ಟು ಬಂದೆನಲ್ಲ! ರಟ್ಟು ಇದ್ರೆ ಪುಸ್ತಕ ಹೊರಗೆ ಹೋಗಿದೆ, ವಾಪಸ್ ಬರುತ್ತೆ ಅಂತ ಅರ್ಥ. ಕೀಪರ್ ಮೇಲೆ ಏನೂ ಬರಲ್ಲ." ಅವರು ಮುಂದಕ್ಕೆ ಬಾಗಿದರು. "ತಾರೀಖು ಸರಿಯಾಗಿತ್ತಲ್ಲ?"

ಸುಳ್ಳು ಹೇಳಿದವರನ್ನು ಹದಿನೆಂಟು ವರ್ಷ ಹಿಡಿದು ನಿಲ್ಲಿಸಿದವಳು ಅವಳು. "ದಿನ ಸರಿಯಾಗಿತ್ತು, ತಿಂಗಳು ಸರಿಯಾಗಿತ್ತು," ಎಂದಳು.

ಹನ್ನೆರಡು ಹತ್ತಕ್ಕೆ, ಸರ್ಕಾರಿ ದಾಖಲೆ ಕಳವಿನ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ಹೆಂಡತಿ ಬೂಟಿನ ದಾರ ಸರಿಮಾಡಿ, ಜೇಬಿನಲ್ಲಿ ಮನೆಯ ವಿಳಾಸದ ಚೀಟಿ ಇಟ್ಟು ಕಳಿಸಿದಳು.

ಗುರುವಾರ ಹನ್ನೊಂದಕ್ಕೆ ಸಮಿತಿಯ ಅಧ್ಯಕ್ಷೆ ಪುಸ್ತಕ ತೆರೆದು, ಪೆನ್ಸಿಲ್ ಗುರುತುಗಳನ್ನು ಕೊನೆಯವರೆಗೂ ನೋಡಿ, ಜಂಟಿ ನಿರ್ದೇಶಕರನ್ನು ಒಂದೇ ಪ್ರಶ್ನೆ ಕೇಳಿದರಂತೆ: ಹೋದ ವರ್ಷ ಇದನ್ನು ನೀವು ಎಷ್ಟು ಸಲ ತೆರೆದಿರಿ? ಅಲ್ಲಿಂದ ಕುರ್ಚಿಗಳ ವಿಚಾರ ಮಧ್ಯಾಹ್ನ ಮೂರರವರೆಗೆ ಬೆಳೆಯಿತು. ಅಜ್ಜ ತಿಂಗಳ ಕೊನೆಗೆ ಪಿಂಚಣಿಯ ಸಮೇತ ನಿವೃತ್ತನಾದ. ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ಇಷ್ಟು: 'ಲಾಭವಲ್ಲ. ತನ್ನ ಮರೆವು ಯಾರಿಗೂ ಕಾಣಬಾರದೆಂಬ ನಾಚಿಕೆ.'

ಜಾಮೀನಿನ ಷರತ್ತು ಪ್ರತಿ ಸೋಮವಾರ ಹತ್ತಕ್ಕೆ ಠಾಣೆಗೆ ಬಂದು ಸಹಿ ಹಾಕುವುದು. ಗಡಿಯಾರ ಸೋಮವಾರ ಬಂದರು. ಮಂಗಳವಾರವೂ ಬಂದರು, ಸರಿಯಾಗಿ ಹತ್ತಕ್ಕೆ. ಈಗ ಬಿಡುವಾಗಿದ್ದ ಅಜ್ಜ ದಿನವೂ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಪುರಾಣಿಕ ಡ್ರಾಯರಿನಿಂದ ಒಂದು ನೋಟುಪುಸ್ತಕ ತೆಗೆದು ಗಡಿಯಾರದ ಸಹಿಗೆ ಮುಂದಿಡುತ್ತಿದ್ದ.

ತಿಂಗಳಾದ ಮೇಲೆ ಒಂದು ದಿನ ಇನ್ಸ್‌ಪೆಕ್ಟರ್ ಅದನ್ನು ಕಂಡಳು.

"ಏನಿದು? ಯಾವ ದಾಖಲೆಯಲ್ಲೂ ಇದರ ಹೆಸರಿಲ್ಲ."

"ಬರೆದಿಲ್ಲ ಮೇಡಂ," ಎಂದ ಪುರಾಣಿಕ. ಅವನ ಬಾಯಲ್ಲಿ ಆ ಮಾತು ಅವಳು ಕೇಳಿದ್ದು ಅದೇ ಮೊದಲು.

ಅವಳು ಅದನ್ನು ತನ್ನ ಮೇಜಿಗೆ ತಂದಳು. ಭಾನುವಾರಗಳೂ ಇದ್ದವು. ಕೆಲವು ಸಹಿಗಳ ಪಕ್ಕದ ವರ್ಷಗಳು ಹಿಂದಿನವು. ಮೊದಲ ಪುಟದಿಂದ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ, ಕೊನೆಯಲ್ಲಿ 'ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದಳು.